ಮೂರು ಸೀಸನ್ ನೋಡಿದ ಮೇಲೆ: ನಮ್ಮ ಕ್ರೀಡಾಂಗಣದ ಹೊಸ ಎಲ್‌ಇಡಿ ಫ್ಲಡ್‌ಲೈಟ್ ಹೇಗಿದೆ?

ನಾನು ಪ್ರತಿ ಪಂದ್ಯಕ್ಕೂ ಹೋಗುವ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೆಟಲ್ ಹಾಲೈಡ್ ಅನ್ನುವ ಹಳೆ ಥರದ ದೊಡ್ಡ ಬಲ್ಬ್‌ಗಳ ದೀಪ ತೆಗೆದು ಎಲ್‌ಇಡಿ ಹಾಕಿ ಮೂರು ಸೀಸನ್ ಆಯಿತು. ಹಾಕಿದ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಒಂದು ತಿಂಗಳು ಬಿಟ್ಟು ಬರೆದಿದ್ದರೆ ಎರಡೇ ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತಿದ್ದೇನೆ. ಯಾಕೆ ಹೀಗೆ ಏರಿಳಿಯಿತು ಅಂತ ಹೇಳುತ್ತೇನೆ.

ಮೊದಲು ಐದು ಸ್ಟಾರ್‌ನ ಕತೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯರು ಕೂರುತ್ತಾರೆ. ವರ್ಷಗಳಿಂದ ಪರಿಚಯ. ರಾತ್ರಿ ಪಂದ್ಯ ಬಂತು ಅಂದರೆ ಆಟ ಮುಗಿಯುವವರೆಗೂ "ಯಾರ್ರೀ ಅದು ಬಾಲ್ ಹಿಡ್ಕೊಂಡಿರೋದು?" ಅಂತ ಕೇಳುತ್ತಲೇ ಇರುತ್ತಿದ್ದರು. ಆ ಕಡೆಯ ಗೆರೆ ಹತ್ತಿರ ಆಟ ನಡೆದರೆ ಅವರಿಗೆ ಜೆರ್ಸಿ ನಂಬರ್ ಕಾಣುತ್ತಿರಲಿಲ್ಲ. ಎಲ್‌ಇಡಿ ಬಂದ ಮೊದಲ ರಾತ್ರಿ ಅವರೇ ನನ್ನ ತೋಳು ಹಿಡಿದು, "ಅಲ್ಲಿ ನೋಡ್ರೀ, ಏಳನೇ ನಂಬರ್ ಒಬ್ಬನೇ ನಿಂತಿದ್ದಾನೆ, ಯಾರೂ ಹಿಡಿದಿಲ್ಲ" ಅಂದರು. ನಾನು ಇನ್ನೂ ನೋಡಿರಲಿಲ್ಲ. ಆ ರಾತ್ರಿ ಅವರು ಒಂದು ಸಲವೂ ಯಾರದು ಅಂತ ಕೇಳಲಿಲ್ಲ.

ಬಣ್ಣದಲ್ಲಿ ಆದ ಬದಲಾವಣೆ ತುಂಬಾ ದೊಡ್ಡದು. ಹಳೆ ದೀಪಗಳು ವಯಸ್ಸಾದ ಹಾಗೆ ಮಂಕಾಗಿದ್ದವು. ಒಂದೊಂದು ಒಂದೊಂದು ಬಣ್ಣ. ಒಂದು ಸ್ವಲ್ಪ ಹಸಿರು, ಇನ್ನೊಂದು ಗುಲಾಬಿ. ಕಡು ನೀಲಿ ಜೆರ್ಸಿಯೂ ಕಪ್ಪು ಜೆರ್ಸಿಯೂ ದೂರದಿಂದ ಒಂದೇ ಥರ ಕಾಣುತ್ತಿದ್ದವು. ಈಗ ಹುಲ್ಲು ಹುಲ್ಲಿನ ಹಾಗೆ ಕಾಣುತ್ತದೆ. ನೆರಳಿನ ವಿಷಯವೂ ಹಾಗೇ. ಮೊದಲು ನಾಲ್ಕು ಮೂಲೆಯ ಕಂಬಗಳಿಂದಷ್ಟೇ ಬೆಳಕು ಬರುತ್ತಿತ್ತು, ಪ್ರತಿ ಆಟಗಾರನ ಕಾಲ ಕೆಳಗೆ ನಾಲ್ಕು ನೆರಳು ಶಿಲುಬೆ ಥರ ಚಾಚಿಕೊಂಡಿರುತ್ತಿತ್ತು. ಈಗ ಎರಡೂ ಬದಿಯ ಚಾವಣಿ ಅಂಚಿನಲ್ಲಿ ಸಾಲಾಗಿ ದೀಪ ಇದೆ. ನೆರಳು ಇದ್ದೂ ಇಲ್ಲದ ಹಾಗೆ ತೆಳ್ಳಗಾಗಿದೆ.

ಇನ್ನೊಂದು ಲಾಭ ಕರೆಂಟಿನದು. ಮೆಟಲ್ ಹಾಲೈಡ್ ದೀಪ ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಹತ್ತಿದ ಮೇಲೂ ಪೂರ್ತಿ ಬೆಳಕಿಗೆ ಬರಲು ಕೆಲವು ನಿಮಿಷ ಬೇಕು. ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಆಟಗಾರರು ಮೈ ತಣ್ಣಗಾಗದಿರಲಿ ಅಂತ ಕತ್ತಲಲ್ಲೇ ಓಡಾಡಬೇಕಿತ್ತು. ನಾವು ಕಾಲು ಗಂಟೆ ಕಾದಿದ್ದೂ ಇದೆ. ಎಲ್‌ಇಡಿಗೆ ಆ ಕಾಟ ಇಲ್ಲ, ಕರೆಂಟ್ ಬಂದ ತಕ್ಷಣ ಪೂರ್ತಿ ಬೆಳಕು.

ಹಾಗಾದರೆ ಎರಡೇ ಸ್ಟಾರ್‌ಗೆ ಇಳಿದದ್ದು ಯಾಕೆ? ಕಣ್ಣು ಕುಕ್ಕುವ ಬೆಳಕು. ಎರಡನೇ ಪಂದ್ಯಕ್ಕೆ ನನ್ನ ಸೀಟು ಬಿಟ್ಟು ಮೂಲೆಯ ಕೆಳಗಿನ ಸಾಲಿನಲ್ಲಿ ಸ್ನೇಹಿತರ ಜೊತೆ ಕೂತೆ. ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಬಂತು, ಚೆಂಡು ಮೇಲೆದ್ದಿತು, ಮಾಯವಾಯಿತು. ಎದುರಿನ ದೀಪದ ಗೊಂಚಲು ಸೀದಾ ಕಣ್ಣಿಗೆ. ಕಣ್ಣು ಮುಚ್ಚಿದರೂ ಬಿಳಿ ಚುಕ್ಕಿಗಳ ಸಾಲು ಕಾಣುತ್ತಿತ್ತು. ಗೋಲ್ ಆದದ್ದು ಗೊತ್ತಾಗಿದ್ದು ಜನರ ಕೂಗಿನಿಂದ. ಆ ಮೂಲೆಯವರು ರಾತ್ರಿ ಹೊತ್ತು ಟೋಪಿ ಹಾಕಿಕೊಂಡು ಪಂದ್ಯ ನೋಡುತ್ತಿದ್ದರು. ಗೋಲ್ ಹಿಂದಿನ ಸ್ಟ್ಯಾಂಡಿನವರು ಮಾತ್ರ ಇಂಥ ಬೆಳಕು ಹುಟ್ಟಿದಾಗಿನಿಂದ ನೋಡಿಲ್ಲ ಅಂತ ಹೊಗಳುತ್ತಿದ್ದರು. ಇಬ್ಬರ ಮಾತೂ ನಿಜ. ಹೊಸ ಫ್ಲಡ್‌ಲೈಟ್ ಬಗ್ಗೆ ಯಾರಾದರೂ ಚೆನ್ನಾಗಿದೆ, ಕೆಟ್ಟದಾಗಿದೆ ಅಂದರೆ ಮೊದಲು ಅವರು ಎಲ್ಲಿ ಕೂರುತ್ತಾರೆ ಅಂತ ಕೇಳಿ.

ಈ ದೂರು ಹೊಸದೇನಲ್ಲ. 1878ರ ಅಕ್ಟೋಬರ್ 14ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಬ್ರಾಮಲ್ ಲೇನ್ ಮೈದಾನದಲ್ಲಿ ಮೊದಲ ಸಲ ವಿದ್ಯುತ್ ದೀಪದಲ್ಲಿ ಫುಟ್‌ಬಾಲ್ ಆಡಿದಾಗಲೂ ಬೆಳಕು ಆಟಗಾರರ ಕಣ್ಣು ಕುಕ್ಕಿತು ಅಂತ ಆಗಿನ ಪತ್ರಿಕೆಯವರು ಬರೆದಿದ್ದರು.

ನಾವು ಸುಮ್ನೆ ಬೈದುಕೊಂಡು ಕೂರಲಿಲ್ಲ. ಯಾವ ಸಾಲು, ಯಾವ ಸೀಟು, ಯಾವ ದೀಪ ಅಂತ ಬರೆದು, ಫೋಟೋ ಸೇರಿಸಿ ಕ್ಲಬ್‌ಗೆ ಕೊಟ್ಟೆವು. ಏಳು ತಿಂಗಳು ಹಿಡಿಯಿತು, ಆದರೆ ಕೆಲಸ ಆಯಿತು. ಆ ಕೆಲಸ ನಡೆದ ಸಂಜೆ ನಾನು ಅಲ್ಲೇ ಇದ್ದೆ. ಮೈದಾನದ ತುಂಬಾ ಸಮನಾದ ಅಂತರದಲ್ಲಿ ಚಿಕ್ಕ ಚಿಕ್ಕ ಬಾವುಟ ನೆಟ್ಟಿದ್ದರು. ಒಬ್ಬರು ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದು ಒಂದೊಂದು ಬಾವುಟದ ಹತ್ತಿರ ನಿಲ್ಲುವುದು, ಅಂಕಿ ಕೂಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಮೀಟರನ್ನು ಒಮ್ಮೆ ಆಕಾಶದ ಕಡೆ ಮಲಗಿಸಿ ಹಿಡಿಯುತ್ತಿದ್ದರು, ಆಮೇಲೆ ನಿಲ್ಲಿಸಿ ಕ್ಯಾಮೆರಾ ಇರುವ ಕಡೆ ತಿರುಗಿಸುತ್ತಿದ್ದರು. ಯಾಕೆ ಅಂತ ಕೇಳಿದೆ. ಹುಲ್ಲಿನ ಮೇಲೆ ಬೀಳುವ ಬೆಳಕು ಸಾಲದು, ಆಟಗಾರನ ಮುಖದ ಮೇಲೂ ಬೀಳಬೇಕು, ಟಿವಿಗೆ ಬೇಕಾಗಿರುವುದು ಅದೇ ಅಂದರು. ದೊಡ್ಡ ಮಟ್ಟದ ಪಂದ್ಯಕ್ಕೆ ಹೀಗೆ ನಿಲ್ಲಿಸಿ ಹಿಡಿದಾಗ ಸರಾಸರಿ 2000 ಲಕ್ಸ್ ಕೇಳುತ್ತಾರೆ.

ನನ್ನ ಕಣ್ಣು ಕುಕ್ಕಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಮುಖಕ್ಕೆ ಬೆಳಕು ಬೀಳಬೇಕು ಅಂದರೆ ದೀಪವನ್ನು ಪೂರ್ತಿ ಕೆಳಕ್ಕೆ ಬಗ್ಗಿಸುವ ಹಾಗಿಲ್ಲ, ಸ್ವಲ್ಪ ಅಡ್ಡಕ್ಕೆ ಇಡಬೇಕು. ಅಡ್ಡಕ್ಕೆ ಇಟ್ಟರೆ ಅದೇ ಬೆಳಕು ಎದುರಿನ ಸ್ಟ್ಯಾಂಡಿಗೂ ಹೋಗುತ್ತದೆ. ಅದರ ಮೇಲೆ ಎಲ್‌ಇಡಿಯ ಒಂದೊಂದು ಚುಕ್ಕಿಯೂ ಸೂಜಿಮೊನೆಯಷ್ಟು ತೀಕ್ಷ್ಣ. ಅವತ್ತು ಆ ಮೂಲೆಯವರ ಕಣ್ಣಿಗೆ ಬಡಿಯುತ್ತಿದ್ದ ದೀಪಗಳನ್ನು ಒಂದಿಷ್ಟು ಕೆಳಗೆ ತಿರುಗಿಸಿದರು, ಕೆಲವಕ್ಕೆ ಟೋಪಿಯ ಅಂಚಿನಂಥ ತಗಡು ಕೂರಿಸಿದರು. ಅಷ್ಟೇ. ದೀಪ ಅದೇ, ಬೆಳಕೂ ಅಷ್ಟೇ, ಮುಂದಿನ ಪಂದ್ಯಕ್ಕೆ ಮೂಲೆಯವರ ಟೋಪಿ ಕಾಣಲಿಲ್ಲ. ಆ ತಗಡು ಬಂದ ಮೇಲೆ ಹಿಂದಿನ ಬೀದಿಯ ಮನೆಗಳ ಕಿಟಕಿಗೆ ಬಡಿಯುತ್ತಿದ್ದ ಬೆಳಕೂ ತುಂಬಾ ಕಡಿಮೆಯಾಗಿದೆ.

ಇನ್ನು ಲೈಟ್ ಶೋ. ಎಲ್‌ಇಡಿಯನ್ನು ಕ್ಷಣದಲ್ಲಿ ಆರಿಸಿ ಹೊತ್ತಿಸಬಹುದಲ್ವಾ, ಹಾಗಾಗಿ ಪ್ರತಿ ಗೋಲಿಗೂ ಇಡೀ ಮೈದಾನದ ದೀಪ ಪಟಪಟ ಅಂತ ಮಿನುಗಿಸುತ್ತಾರೆ. ಮೊದಲ ಎರಡು ಸಲ ನನಗೂ ಮೈ ಜುಮ್ಮೆಂದಿತು. ಆಮೇಲೆ ನನ್ನ ಮುಂದಿನ ಸಾಲಿನ ಒಬ್ಬ ತಾಯಿ ಗೋಲ್ ಆದ ಕೂಡಲೇ ಮಗಳ ಮುಖವನ್ನು ಎದೆಗೆ ಒತ್ತಿಕೊಳ್ಳುವುದು ಕಂಡಿತು. ಮಗುವಿಗೆ ಫಿಟ್ಸ್ ಬರುತ್ತದೆ, ಮಿನುಗುವ ಬೆಳಕು ಆಗಲ್ಲ ಅಂದರು. ತನ್ನ ತಂಡ ಗೋಲ್ ಹೊಡೆದಾಗ ಆ ಹುಡುಗಿಗೆ ಏನೂ ಕಾಣುವ ಹಾಗಿಲ್ಲ. ನಮಗಾದರೂ ಏನು ಕಾಣುತ್ತದೆ? ಹೊಡೆದವನು ಯಾರ ಕಡೆ ಓಡಿದ, ಪಾಸ್ ಕೊಟ್ಟವನನ್ನು ಯಾರು ತಬ್ಬಿಕೊಂಡರು, ಎದುರಾಳಿ ಗೋಲ್‌ಕೀಪರ್ ಹೇಗೆ ಕೂತುಬಿಟ್ಟ, ಇದನ್ನೆಲ್ಲ ನೋಡಲು ತಾನೇ ನಾವು ಮನೆಯ ಟಿವಿ ಬಿಟ್ಟು ಬರುವುದು? ಬೇಕಾದರೆ ಪಂದ್ಯಕ್ಕೆ ಮುಂಚೆ ಶೋ ಮಾಡಲಿ, ಮೊದಲೇ ಹೇಳಿ ಮಾಡಲಿ. ಗೋಲ್ ಆದ ಮೇಲೆ ದಯವಿಟ್ಟು ದೀಪ ಮುಟ್ಟಬೇಡಿ. ಈ ಸೀಸನ್‌ನಿಂದ ಪಟಪಟ ನಿಲ್ಲಿಸಿದ್ದಾರೆ, ಮೆಲ್ಲಗೆ ಮಂಕಾಗಿ ಮತ್ತೆ ಬೆಳಗುತ್ತದೆ. ಅದೂ ಬೇಡ ಅಂತಲೇ ನನ್ನ ಅಭಿಪ್ರಾಯ.

ಕೆಟ್ಟು ಹೋಗುವುದೇ ಇಲ್ಲ ಅನ್ನುವ ಮಾತು ನಂಬಬೇಡಿ. ಎರಡನೇ ಸೀಸನ್‌ನಲ್ಲಿ ಒಂದು ದೀಪದ ಡ್ರೈವರ್, ಅಂದರೆ ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಸಾಧನ, ಕೆಟ್ಟು ಹೋಯಿತು. ಬಲ್ಬ್ ಬದಲಿಸಿದ ಹಾಗೆ ಮುಗಿಯುವ ಕೆಲಸ ಅದಲ್ಲ, ಒಂದೂವರೆ ತಿಂಗಳು ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು. ಆಟಕ್ಕೆ ತೊಂದರೆ ಆಗಲಿಲ್ಲ.

ಹಳೆಯದರಲ್ಲಿ ನೆನಪಾಗುವುದು ಒಂದಿದೆ. ಪಂದ್ಯಕ್ಕೆ ಬೇಗ ಹೋಗಿ ಕೂತರೆ, ಆ ದೀಪಗಳು ಮೊದಲು ಕೆಂಡದಷ್ಟು ಮಂಕಾಗಿ ಹತ್ತಿ, ನೀಲಿಗೆ ತಿರುಗಿ, ಜನ ತುಂಬುತ್ತಾ ಬಂದ ಹಾಗೆ ಬೆಳ್ಳಗಾಗುತ್ತಿದ್ದವು. ಈಗ ಒಂದೇ ಸಲಕ್ಕೆ ಹಗಲು. ಅದು ಈಗ ಇಲ್ಲವಲ್ಲ ಅಂತ ನನಗೆ ನಿಜವಾಗಿಯೂ ಬೇಸರ.

ಆ ಒಂದು ಸ್ಟಾರ್ ಹಿಡಿದಿಟ್ಟಿದ್ದು ಮಾತ್ರ ಇದಕ್ಕಲ್ಲ, ಮೆಟ್ಟಿಲಿಗೆ. ಮೊದಲು ಜನ ಖಾಲಿಯಾಗುವವರೆಗೆ ದೀಪ ಉರಿಯುತ್ತಿತ್ತು. ಈಗ ಆಟಗಾರರು ಒಳಗೆ ಹೋಗುತ್ತಿದ್ದ ಹಾಗೆ ಒಂದು ಬಟನ್ ಒತ್ತಿ ಆರಿಸಿಬಿಡುತ್ತಾರೆ. ಅಷ್ಟು ಬೆಳಕಿನಲ್ಲಿ ಎರಡು ಗಂಟೆ ಕೂತ ಕಣ್ಣಿಗೆ ಸ್ಟ್ಯಾಂಡಿನ ಚಿಕ್ಕ ದೀಪ ಸಾಲುವುದೇ ಇಲ್ಲ. ಇದೇ ಎಲ್‌ಇಡಿಯನ್ನು ಹತ್ತರಲ್ಲಿ ಒಂದು ಪಾಲಿಗೆ ತಗ್ಗಿಸಿ ಇಪ್ಪತ್ತು ನಿಮಿಷ ಬಿಡಬಹುದು. ಎರಡು ಸಲ ಬರೆದು ಕೊಟ್ಟಿದ್ದೇವೆ. ಕಳೆದ ಪಂದ್ಯ ಮುಗಿದಾಗಲೂ ಪಕ್ಕದ ಸೀಟಿನ ಹಿರಿಯರು ನನ್ನ ಭುಜ ಹಿಡಿದುಕೊಂಡರು, ನಾನು ಮೊಬೈಲ್ ಟಾರ್ಚ್ ಹಾಕಿದೆ, ಒಂದೊಂದೇ ಮೆಟ್ಟಿಲು ಇಳಿದೆವು.