ಅಮ್ಮನ ಕೈಗೆ ಒಂದೇ ರಿಮೋಟ್: ನಾಲ್ಕು ದಾರಿ ನೋಡಿದ್ದಾಯ್ತು

ನನ್ನ ಕೆಲಸ ಹಾಸನದಲ್ಲಿ, ಮನೆ ಚಿಕ್ಕಮಗಳೂರಿನಲ್ಲಿ. ಸಂಜೆ ಬಸ್ಸು ಬೇಲೂರು ದಾಟುವಷ್ಟರಲ್ಲಿ ಅಮ್ಮನ ಫೋನ್ ಬರುತ್ತಿತ್ತು. "ಚಿತ್ರ ಬರ್ತಿದೆ, ಸೌಂಡೇ ಇಲ್ಲ ಕಣೋ!" ಟಿವಿ, ಸ್ಪೀಕರ್‌ಗಳಿಗೆ ಸೌಂಡ್ ಕೊಡುವ ಎವಿ ರಿಸೀವರ್, ಡಿಶ್ ಬಾಕ್ಸ್, ಇಂಟರ್ನೆಟ್‌ನಿಂದ ಸಿನಿಮಾ ತೋರಿಸುವ ಫೈರ್ ಟಿವಿ ಸ್ಟಿಕ್, ಒಟ್ಟು ನಾಲ್ಕು ರಿಮೋಟ್. ಹೋಮ್ ಥಿಯೇಟರ್ ತಂದಿದ್ದು ನಾನೇ, ಬೈಸಿಕೊಳ್ಳುವುದೂ ನಾನೇ. ನಾನಿಲ್ಲದಾಗ ಅಮ್ಮ ಒಬ್ಬಳೇ ವಾರ್ತೆ ಹಾಕಿಕೊಳ್ಳಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಮೊದಲು ಸ್ಟಿಕ್ಕರ್. ರಿಮೋಟ್‌ಗಳ ಮೇಲೆ 1, 2, 3 ಬರೆದು ಅಂಟಿಸಿದೆ, ಒತ್ತಬೇಕಾದ ಬಟನ್‌ಗೆ ಮಗಳ ನೇಲ್ ಪಾಲಿಶ್ ಹಚ್ಚಿದೆ. ಖರ್ಚಿಲ್ಲ, ನಾಲ್ಕು ದಿನ ಚೆನ್ನಾಗೇ ನಡೆಯಿತು. ಐದನೇ ದಿನ ಯಾರೋ ರಿಸೀವರ್‌ನ ಇನ್‌ಪುಟ್, ಅಂದರೆ ಸೌಂಡ್ ಎಲ್ಲಿಂದ ತೆಗೆದುಕೊಳ್ಳಬೇಕು ಅನ್ನುವ ಆಯ್ಕೆ, ಬದಲಿಸಿದರು, ಅಲ್ಲಿಗೆ 1, 2, 3 ಎಲ್ಲ ಸುಳ್ಳಾಯಿತು.

ಆಮೇಲೆ ಬೇರೆ ರಿಮೋಟ್‌ಗಳ ಬಟನ್ ಕಲಿಯುವ ಯುನಿವರ್ಸಲ್ ರಿಮೋಟ್. ಈ ಜಾತಿಯಲ್ಲಿ ಹೆಸರು ಮಾಡಿದ್ದು ಲಾಜಿಟೆಕ್ ಹಾರ್ಮನಿ, ಅದರ ತಯಾರಿಕೆ 2021ರಲ್ಲೇ ನಿಂತಿದೆ, ಹಾಗಾಗಿ ನಾನು ತಂದದ್ದು ಯಾವುದೋ ಸಾದಾ ಮಾಡೆಲ್. ಒಂದು ಬಟನ್ ಒತ್ತಿದರೆ ಟಿವಿ, ರಿಸೀವರ್, ಬಾಕ್ಸ್ ಒಂದರ ಹಿಂದೆ ಒಂದು ಆನ್ ಆಗಬೇಕು. ಆಗುತ್ತಿತ್ತು ಕೂಡ. ಆದರೆ ಇದು ನಡೆಯುವುದು ಇನ್‌ಫ್ರಾರೆಡ್ (ಐಆರ್) ಎಂಬ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಮಧ್ಯೆ ಯಾರಾದರೂ ಕಾಫಿ ಲೋಟ ಹಿಡಿದು ಹಾದುಹೋದರೆ ಒಂದಕ್ಕೆ ಸಿಗ್ನಲ್ ಮುಟ್ಟುವುದಿಲ್ಲ. ಆನ್‌ಗೂ ಆಫ್‌ಗೂ ಒಂದೇ ಬಟನ್ ನೋಡಿ, ಮತ್ತೆ ಒತ್ತಿದರೆ ಆಫ್ ಇದ್ದದ್ದು ಆನ್, ಆನ್ ಇದ್ದದ್ದು ಆಫ್. ಅಮ್ಮ ಅದನ್ನು ದೆವ್ವದ ರಿಮೋಟ್ ಎಂದು ಕರೆದಳು. ಮೇಲಾಗಿ ಫೈರ್ ಸ್ಟಿಕ್‌ನ ಮೆನು ನಡೆಯುವುದು ಬ್ಲೂಟೂತ್‌ನಲ್ಲಿ, ಅದನ್ನು ಈ ರಿಮೋಟ್ ಕಲಿಯುವ ಮಾತೇ ಇಲ್ಲ.

ಮೂರನೆಯದು ನಾವು ಹೇಳಿದ್ದನ್ನು ಕೇಳಿ ನಡೆಸುವ ಮಾತಿನ ಸ್ಪೀಕರ್, ಜೊತೆಗೆ ಅದು ಹೇಳಿದಂತೆ ರಿಮೋಟಿನ ಸಿಗ್ನಲ್ ಕಳಿಸುವ, ವೈಫೈನಲ್ಲಿ ನಡೆಯುವ ಐಆರ್ ಡಬ್ಬಿ. ಮಗಳಿಗೆ ಇದೇ ಇಷ್ಟ. ನಾವು ತಂದದ್ದಕ್ಕೆ ಇಂಗ್ಲಿಷು, ಹಿಂದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅಪ್ಪ ಎರಡು ದಿನ ಕನ್ನಡದಲ್ಲೇ ಕೂಗಿ ನೋಡಿ ಸುಮ್ಮನಾದರು. ನಮ್ಮ ಕಡೆ ಮಳೆಗಾಲ ಬೇರೆ ಗೊತ್ತಲ್ವಾ, ಕರೆಂಟು ಇದ್ದರೂ ಇಂಟರ್ನೆಟ್ ಇರುವುದಿಲ್ಲ, ಇಂಟರ್ನೆಟ್ ಇಲ್ಲದಿದ್ದರೆ ಸ್ಪೀಕರ್ ಮೂಕ.

ಕೊನೆಗೆ ದಾರಿ ತೋರಿಸಿದ್ದು ಟಿವಿಯ ಒಳಗೇ ಇದ್ದ ಎಚ್‌ಡಿಎಂಐ-ಸಿಇಸಿ. ಒಂದು ಸಾಧನ ಇನ್ನೊಂದಕ್ಕೆ ಚಿತ್ರ, ಸೌಂಡ್ ಒಯ್ಯುವ ಎಚ್‌ಡಿಎಂಐ ಕೇಬಲ್ ಮೂಲಕವೇ "ಆನ್ ಆಗು, ಸೌಂಡ್ ಏರಿಸು" ಎಂದು ಹೇಳುವ ವ್ಯವಸ್ಥೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಹೆಸರು ಬೇರೆ ಬೇರೆ, ಅದಕ್ಕೇ ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಹಾಕಿದ್ದೆ, ಅದರಲ್ಲಿ ಸೌಂಡ್ ಮಾತ್ರ ಹೋಗುತ್ತದೆ, ಇಂಥ ಮಾತು ಹೋಗುವುದಿಲ್ಲ. ಅದನ್ನು ಕಿತ್ತು, ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ, ಟಿವಿಯ ಸೌಂಡನ್ನು ಹೊರಗೆ ಕಳಿಸಬಲ್ಲ ಎಚ್‌ಡಿಎಂಐ ಪೋರ್ಟಿನಿಂದ ರಿಸೀವರ್‌ನ ಎಚ್‌ಡಿಎಂಐ ಔಟ್‌ಗೆ ಒಂದು ಕೇಬಲ್ ಎಳೆದು, ಎರಡೂ ಕಡೆ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಮಾಡಿದೆ. ಈಗ ಟಿವಿ ಹಾಕಿದರೆ ರಿಸೀವರ್ ತಾನೇ ಎದ್ದೇಳುತ್ತದೆ.

ಡಿಶ್ ಬಾಕ್ಸ್ ಮಾತ್ರ ಸಿಇಸಿಗೆ ಬಗ್ಗಲಿಲ್ಲ. ಅದನ್ನು ನೇರ ಟಿವಿಗೇ ಚುಚ್ಚಿದೆ. ಡಿಶ್ ರಿಮೋಟಿನಲ್ಲಿ ಟಿವಿಗೆಂದೇ ನಾಲ್ಕೈದು ಬಟನ್ ಇರುತ್ತವಲ್ಲ, ಎರಡು ರಿಮೋಟ್ ಮುಖಾಮುಖಿ ಇಟ್ಟು ಟಿವಿಯ ಪವರ್ ಮತ್ತು ವಾಲ್ಯೂಮ್ ಅದಕ್ಕೆ ಕಲಿಸಿದೆ. ಅಮ್ಮ ಡಿಶ್ ರಿಮೋಟಿನಲ್ಲಿ ವಾಲ್ಯೂಮ್ ಒತ್ತುತ್ತಾಳೆ, ಟಿವಿ ಅದನ್ನು ರಿಸೀವರ್‌ಗೆ ದಾಟಿಸುತ್ತದೆ. ಅವಳಿಗೆ ರಿಸೀವರ್ ಅನ್ನುವುದು ಇದೆ ಎಂಬುದೇ ಮರೆತುಹೋಗಿದೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಕರೆಂಟು ಹೋಗಿ ಬಂದಾಗ ಒಮ್ಮೊಮ್ಮೆ ಟಿವಿಗೂ ರಿಸೀವರ್‌ಗೂ ಮಾತು ಬಿಟ್ಟಂತಾಗುತ್ತದೆ. ಗೋಡೆಯ ಸ್ವಿಚ್ಚಿನಲ್ಲಿ ಎರಡನ್ನೂ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಹಾಕಿದರೆ ಸರಿ, ಅಷ್ಟನ್ನು ಅಪ್ಪ ಕಲಿತಿದ್ದಾರೆ. ಮಗಳು ಸಿನಿಮಾ ನೋಡುವುದು ಈಗಲೂ ಸ್ಟಿಕ್‌ನ ರಿಮೋಟಿನಲ್ಲೇ. ಅವಳು ನೋಡಿ ಮುಗಿಸಿದ ಮೇಲೆ ಟಿವಿಯನ್ನು ಡಿಶ್‌ಗೆ ಮರಳಿಸದೆ ಎದ್ದರೆ ಮಾತ್ರ ನನಗೆ ಇನ್ನೂ ಬೇಲೂರಿನ ಹತ್ತಿರ ಫೋನ್ ಬರುತ್ತದೆ.