10 ಇಂಚಿನಿಂದ 12 ಇಂಚಿಗೆ: ನನ್ನ ಸ್ವಿಫ್ಟ್‌ನಲ್ಲಿ ಮೂರು ವರ್ಷದ ಸಬ್‌ವೂಫರ್ ಅನುಭವ

ನಮ್ಮ ಬೀದಿಗೆ ಉತ್ಸವ ಬಂದಾಗ ತಮಟೆ ಕಿವಿಗೆ ಬಡಿಯುತ್ತದೆ, ಡೊಳ್ಳು ಎದೆಗೆ ಬಡಿಯುತ್ತದೆ. ಕಾರಿನಲ್ಲಿ ನನಗೆ ಬೇಕಿದ್ದದ್ದು ಆ ಡೊಳ್ಳಿನ ಪೆಟ್ಟು. ಎರಡು ವರ್ಷ 10 ಇಂಚಿನ ಸಬ್‌ವೂಫರ್ (ತೀರಾ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಇತ್ತು. ಸಾಲದು ಅನಿಸಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. "12 ಇಂಚ್ ಹಾಕ್ಸಿ ಸಾರ್, ಡಬಲ್ ಸೌಂಡ್ ಬರುತ್ತೆ" ಅಂದರು ಅಂಗಡಿಯವರು. ಹಾಕಿಸಿದೆ.

ಮೊದಲ ವಾರವೇ ಬೇಜಾರಾಯಿತು. ಶಬ್ದ ಜಾಸ್ತಿಯೇನೂ ಆಗಿರಲಿಲ್ಲ. ಯಾವ ಹಾಡು ಹಾಕಿದರೂ ಸುಮ್ನೆ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕೋನ್ ಅಂದರೆ ಸ್ಪೀಕರ್‌ನಲ್ಲಿ ಅದುರಿ ಶಬ್ದ ಹೊಮ್ಮಿಸುವ ಭಾಗ. 10 ಇಂಚಿಗಿಂತ 12 ಇಂಚಿನ ಕೋನ್‌ನ ವಿಸ್ತೀರ್ಣ ಸುಮಾರು 1.44 ಪಟ್ಟು. ಎರಡೂ ಅಷ್ಟಷ್ಟೇ ಹಿಂದೆ ಮುಂದೆ ಆಡಿದರೆ ದೊಡ್ಡದು 3 ಡೆಸಿಬಲ್‌ನಷ್ಟು (ಡೆಸಿಬಲ್ ಅಂದರೆ ಶಬ್ದದ ಅಳತೆ) ಜಾಸ್ತಿ ಕೊಡುತ್ತದೆ. ಕಿವಿಗೆ ಡಬಲ್ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ವಾಟ್ಸ್ ಎರಡು ಪಟ್ಟು ಮಾಡಿದರೂ ಸಿಗುವುದು 3 ಡೆಸಿಬಲ್ಲೇ. ಅಂದ ಮೇಲೆ ಇಂಚು ನೋಡಿ ಡಬಲ್ ಅನ್ನುವುದು ತಪ್ಪು ಅಲ್ವಾ?

ಆದರೆ ಆ 3 ಡೆಸಿಬಲ್ ಕೂಡ ನನಗೆ ಸಿಕ್ಕಿರಲಿಲ್ಲ. ಸ್ಕ್ರೂ ಬಿಚ್ಚಿ ನೋಡಿದೆ. 10 ಇಂಚಿಗೆ ಮಾಡಿದ್ದ ರೆಡಿಮೇಡ್ ಬಾಕ್ಸನ್ನೇ ಕೊರೆದು 12 ಇಂಚನ್ನು ತುರುಕಿದ್ದರು. ಮ್ಯಾಗ್ನೆಟ್‌ಗೂ ಹಿಂದಿನ ಹಲಗೆಗೂ ನಡುವೆ ನನ್ನ ಕಿರುಬೆರಳು ಕೂಡ ತೂರಲಿಲ್ಲ. ಮುಚ್ಚಿದ ಬಾಕ್ಸ್ ಚಿಕ್ಕದಾದರೆ ಒಳಗಿನ ಗಾಳಿ ಬಿಗಿ ಸ್ಪ್ರಿಂಗ್‌ನಂತೆ ಕೋನನ್ನು ಹಿಡಿದುಬಿಡುತ್ತದೆ. ಕೆಳಗಿನ ಸ್ವರ ಸತ್ತುಹೋಗುತ್ತದೆ, ಗುಂಯ್ ಅಷ್ಟೇ ಉಳಿಯುತ್ತದೆ.

ಪರಿಚಯದ ಕಾರ್ಪೆಂಟರ್ ಹತ್ತಿರ 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ 32 ಲೀಟರ್‌ನ ಹೊಸ ಬಾಕ್ಸ್ ಮಾಡಿಸಿದೆ. ಸಂದುಗಳಿಗೆಲ್ಲ ಸಿಲಿಕೋನ್ ಅಂಟು ಹಾಕಿಸಿದೆ. ಪೋರ್ಟ್ (ಗಾಳಿ ಆಡುವ ಕಿಂಡಿ) ಇರುವ ಬಾಕ್ಸ್ ಇನ್ನೂ ಜೋರು, ಆದರೆ ಅದಕ್ಕೆ ಜಾಗ ಜಾಸ್ತಿ ಬೇಕು. ನನ್ನ ಸ್ವಿಫ್ಟ್ ಡಿಕ್ಕಿ ಇರುವುದೇ 268 ಲೀಟರ್. ಊರಿಗೆ ಹೋಗುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಎಲ್ಲಿಡೋದು?

ಅದೇ ಆಂಪ್ಲಿಫೈಯರ್, ಅದೇ 350 ವಾಟ್ಸ್ ಆರ್‌ಎಂಎಸ್ (ಎಡೆಬಿಡದೆ ಸಿಗುವ ಶಕ್ತಿಯ ಲೆಕ್ಕ). ಈಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಾಜು ಏರಿಸಿ ಕೂತರೆ ಮೃದಂಗದ ಎಡಗೈ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ಅಂದಹಾಗೆ, ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದ 1400 ವಾಟ್ಸ್ ಬರೀ ಪೀಕ್ ಲೆಕ್ಕ, ಅಂದರೆ ಒಂದು ಕ್ಷಣದ ಗರಿಷ್ಠ. ಕೊಳ್ಳುವಾಗ ಆರ್‌ಎಂಎಸ್ ಮಾತ್ರ ನೋಡಿ.

ತೊಂದರೆಗಳೂ ಬಂದವು. ನಂಬರ್ ಪ್ಲೇಟ್ ಗಡಗಡ ಅನ್ನುತ್ತಿತ್ತು, ಹಿಂದೆ ಫೋಮ್ ಟೇಪ್ ಅಂಟಿಸಿದೆ. ರಾತ್ರಿ ನೈಸ್ ರಸ್ತೆಯಲ್ಲಿ ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತಿತ್ತು. ಅಂಗಡಿಯಲ್ಲಿ ಎಳೆದಿದ್ದ ವೈರ್ ತೀರಾ ತೆಳು. ದಪ್ಪನೆಯ 4 ಗೇಜ್ ತಾಮ್ರದ ವೈರ್ ಎಳೆಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿದ ಮೇಲೆ ಅದು ಬಹಳ ಕಡಿಮೆಯಾಯಿತು. ಅಮ್ಮ ಹಿಂದಿನ ಸೀಟಿನಲ್ಲಿ ಕೂತರೆ "ಬೆನ್ನಿಗೇ ಗುದ್ದಿದ ಹಾಗಾಗುತ್ತಲ್ಲೋ" ಅನ್ನುತ್ತಾರೆ. ಅದಕ್ಕೇ ಬೇಸ್ ತಗ್ಗಿಸುವ ನಾಬ್ ಒಂದನ್ನು ಗೇರ್ ಪಕ್ಕದಲ್ಲಿ ಹಾಕಿಸಿದ್ದೇನೆ.

ಮೂರು ವರ್ಷವಾದರೂ ಕೋನ್ ಅಂಚಿನ ರಬ್ಬರ್ ಬಿರುಕು ಬಿಟ್ಟಿಲ್ಲ. ಹಳೇ 10 ಇಂಚನ್ನು ತಮ್ಮನ ಕಾರಿಗೆ ಕೊಟ್ಟೆ, ಅದಕ್ಕೂ ಅಳತೆ ನೋಡಿ ಹೊಸ ಬಾಕ್ಸ್ ಮಾಡಿಸಿದೆವು. ಆ ಅಂಗಡಿಯ ಬಾಕ್ಸ್‌ನಲ್ಲಿದ್ದ ನನ್ನ 12 ಇಂಚಿಗಿಂತ ಅದು ಜೋರಾಗಿ, ಚೊಕ್ಕವಾಗಿ ಬಾರಿಸುತ್ತಿದೆ.