ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರ್: ಪ್ರಿಂಟಿಗೆ ಹೋಗಬಹುದು, ಲಾಗಿನ್ ಮಾತ್ರ ಬೇಡ

ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗಿರುವ ಈ ಸೈಬರ್ ಸೆಂಟರಿಗೆ ಮಗಳ ಸಿಇಟಿ ಅರ್ಜಿಯ ಶುಲ್ಕ ಕಟ್ಟಲು ಹೋಗಿದ್ದೆ. ಅಲ್ಲಿ ಆರು ಕಂಪ್ಯೂಟರುಗಳಿವೆ, ಪ್ರಿಂಟು ಸ್ವಚ್ಛವಾಗಿ ಬರುತ್ತದೆ, ಹಳ್ಳಿಯಿಂದ ಬಂದವರಿಗೆ ಅರ್ಜಿ ತುಂಬಿಕೊಡುವಾಗ ಮಾಲೀಕರು ತೋರುವ ತಾಳ್ಮೆಯನ್ನು ಮೆಚ್ಚಲೇಬೇಕು.

ಆದರೆ ಮೂರನೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆದ ಕೂಡಲೇ ಸಂಪರ್ಕ ಸುರಕ್ಷಿತವಲ್ಲವೆಂಬ ಕೆಂಪು ಎಚ್ಚರಿಕೆ ಬಂತು. ಕೆಲಸದ ಹುಡುಗ, ‘ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ ಸಾರ್, ದಿನಾ ಹಾಗೇ ಬರುತ್ತೆ’ ಎಂದ. ದಿನವೂ ಬರುತ್ತದೆ ಎಂಬ ಮಾತೇ ನನ್ನನ್ನು ಹೆದರಿಸಿತು. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ತಾರೀಖು ಹಿಂದಕ್ಕೆ ಸರಿದು ಇದೇ ಎಚ್ಚರಿಕೆ ಬರುವುದುಂಟು. ಹಾಗಾಗಿ ಮೊದಲು ಗಡಿಯಾರ ನೋಡಿದೆ, ಸರಿಯಾಗಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ (ಬ್ರೌಸರ್ ಮತ್ತು ಇಂಟರ್ನೆಟ್ ನಡುವಿನ ಮಧ್ಯವರ್ತಿ) ಪುಟದಲ್ಲಿ 127.0.0.1 ಎಂಬ ವಿಳಾಸ, 8080 ಎಂಬ ಪೋರ್ಟ್ ತುಂಬಿದ್ದವು. 127.0.0.1 ಎಂದರೆ ಆ ಕಂಪ್ಯೂಟರೇ. ಅಂದರೆ ಅದರೊಳಗೆ ಕುಳಿತ ಯಾವುದೋ ಪ್ರೋಗ್ರಾಂ ಮೂಲಕವೇ ಬ್ರೌಸರಿನ ಮಾಹಿತಿಯೆಲ್ಲ ಹಾದುಹೋಗುತ್ತಿತ್ತು. ಅದನ್ನು ಆಫ್ ಮಾಡಿದೆ. ಎರಡೇ ನಿಮಿಷದಲ್ಲಿ ತಾನಾಗಿ ಆನ್ ಆಯಿತು. ಕೈತಪ್ಪಿನಿಂದ ಬದಲಾದ ಸೆಟ್ಟಿಂಗ್ ಹಾಗೆ ಮರಳುವುದಿಲ್ಲ.

ಪಕ್ಕದ ಕಂಪ್ಯೂಟರಿನೊಂದಿಗೆ ಹೋಲಿಸಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಆಲ್ ಆದೇಶ ಕೊಟ್ಟಾಗ ಅಲ್ಲಿ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹೇಳುವ ಸರ್ವರ್) ಜಾಗದಲ್ಲಿ ರೂಟರಿನ 192.168.1.1 ಇತ್ತು, ಇಲ್ಲಿ ಯಾರೋ ಕೈಯಿಂದ ತುಂಬಿಸಿದ, ಗುರುತಿಲ್ಲದ ವಿಳಾಸವಿತ್ತು. ತಪ್ಪು ರೂಟರಿನದಾಗಿದ್ದರೆ ಎರಡರಲ್ಲೂ ಕಾಣಬೇಕಿತ್ತು. ಈ ಡಿಎನ್‌ಎಸ್ ಸುಳ್ಳು ಹೇಳಿದರೆ ಸರಿಯಾದ ಹೆಸರು ಬರೆದವರೂ ನಕಲಿ ಪುಟಕ್ಕೆ ಹೋಗಿ ಬೀಳುತ್ತಾರೆ. ಡಿಎನ್‌ಎಸ್‌ಚೇಂಜರ್ ಎಂಬ ವೈರಸ್ ಲಕ್ಷಾಂತರ ಕಂಪ್ಯೂಟರುಗಳಲ್ಲಿ ಮಾಡಿದ್ದು ಇದನ್ನೇ. 2011ರ ನವೆಂಬರಿನಲ್ಲಿ ಅದರ ಜಾಲ ಸಿಕ್ಕಿಬಿತ್ತು.

ಮಾಲೀಕರಿಗೆ ಎಲ್ಲವನ್ನೂ ತೋರಿಸಿದೆ. ‘ರೀಸ್ಟಾರ್ಟ್ ಮಾಡಿದರೆ ಹೋಗುತ್ತೆ’ ಎಂದರು, ಮಾಡಿದರು, ಹೋಗಲಿಲ್ಲ. ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವ 2011ರ ಸೈಬರ್ ಕೆಫೆ ನಿಯಮವನ್ನು ಅವರು ತಪ್ಪದೆ ಪಾಲಿಸುತ್ತಾರೆ, ಆದರೆ ಬಂದವರನ್ನೆಲ್ಲ ಪಾಸ್‌ವರ್ಡ್ ಇಲ್ಲದ ಅಡ್ಮಿನ್ ಖಾತೆಯಲ್ಲೇ ಕೂರಿಸುತ್ತಾರೆ. ಯಾರು ಏನನ್ನು ಬೇಕಾದರೂ ಇನ್‌ಸ್ಟಾಲ್ ಮಾಡಿ ಎದ್ದು ಹೋಗಬಹುದು. ಆ ಕಂಪ್ಯೂಟರಿನ ವಿಂಡೋಸ್ ಅನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು, ಗ್ರಾಹಕರಿಗೆ ಸ್ಟ್ಯಾಂಡರ್ಡ್ ಖಾತೆ ಮಾತ್ರ ಕೊಡಬೇಕು, ರೀಸ್ಟಾರ್ಟ್ ಆದಾಗಲೆಲ್ಲ ಹಳೆಯ ಸ್ಥಿತಿಗೆ ಮರಳಿಸುವ ಡೀಪ್ ಫ್ರೀಜ್‌ನಂಥ ತಂತ್ರಾಂಶ ಹಾಕಬೇಕು ಎಂದು ಹೇಳಿ ಬಂದೆ. ಶುಲ್ಕವನ್ನು ನನ್ನ ಮೊಬೈಲ್ ಡೇಟಾದಲ್ಲೇ ಕಟ್ಟಿದೆ.

ಅಲ್ಲಿ ಈಗಾಗಲೇ ಲಾಗಿನ್ ಆದವರು ಬೇರೆ ಸಾಧನದಿಂದ ಕೂಡಲೇ ಪಾಸ್‌ವರ್ಡ್ ಬದಲಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಿನ್ನೆ ಪ್ರಿಂಟಿಗೆಂದು ಮತ್ತೆ ಹೋದಾಗ ಮೂರನೇ ಕಂಪ್ಯೂಟರಿನ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ್ದರು. ಉಳಿದ ಐದರಲ್ಲೂ ಅಡ್ಮಿನ್ ಖಾತೆಯೇ ತೆರೆದಿತ್ತು.